ಅಳಿವೆಯ ಕೆಸರನ್ನೂ ಅಳೆಯಬೇಕು

ಮಾನ್ಯ ಸಂಪಾದಕರೇ,

ಉತ್ತರ ಕನ್ನಡದ ಅಘನಾಶಿನಿ ನದಿಯ ನೀರನ್ನು ಬಯಲುಸೀಮೆಯ ವೇದಾವತಿ ಕಣಿವೆಗೆ ಒಯ್ಯುವ ಪ್ರಸ್ತಾವದ ಚರ್ಚೆಯಲ್ಲಿ ಎಷ್ಟು ನೀರು ಸಮುದ್ರ ಸೇರಿ ವ್ಯರ್ಥವಾಗುತ್ತಿದೆ ಎಂಬ ಲೆಕ್ಕವೇ ಮುಂದಿದೆ. ಆ ನೀರು ಹೊತ್ತು ತರುವ ಮಣ್ಣಿನ ಮಾತು ಕೇಳಿಬರುವುದು ಅಪರೂಪ. ಅಣೆಕಟ್ಟಿಲ್ಲದ ಈ ನದಿ ಮಳೆಗಾಲದಲ್ಲಿ ಘಟ್ಟದಿಂದ ತರುವ ಜಿಗುಟು ಮಣ್ಣಿನ ಕಣಗಳು ಕಡಲು ಸೇರುವ ಜಾಗವಾದ ಅಳಿವೆಯ ಉಪ್ಪುನೀರು ಸೇರಿದೊಡನೆ ಒಂದಕ್ಕೊಂದು ಅಂಟಿ ತಳಕ್ಕಿಳಿಯುತ್ತವೆ. ಉಬ್ಬರದ ನೀರು ಕಾಂಡ್ಲಾ (ಮ್ಯಾಂಗ್ರೋವ್) ಮರಗಳ ಬೇರುಗಳ ನಡುವೆ ವೇಗ ಕಳೆದುಕೊಂಡಾಗ ಇನ್ನಷ್ಟು ಕೆಸರು ಅಲ್ಲಿಯೇ ನಿಲ್ಲುತ್ತದೆ. ಸಮುದ್ರಮಟ್ಟ ಏರುತ್ತಿರುವ ಕಾಲದಲ್ಲಿ ಜೌಗು ನೆಲ ಮುಳುಗದೆ ಉಳಿಯುವುದು ಈ ಹೂಳಿನಿಂದ ಮತ್ತು ಬೇರುಗಳ ಬೆಳವಣಿಗೆಯಿಂದ. ಉಬ್ಬರದ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಉಪ್ಪನ್ನು ತೊಳೆದು, ಉಪ್ಪು ತಾಳುವ ಕಗ್ಗ ಭತ್ತ ಮೊಳೆಯಲು ಅನುವಾಗುವುದೂ ಇದೇ ಮಳೆಗಾಲದ ಸಿಹಿನೀರಿನಿಂದ.

ನೀರಿನ ಲಯ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಶರಾವತಿಯೇ ಸಾಕ್ಷಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಬಳಿಕ ವಿದ್ಯುದಾಗಾರಗಳಿಂದ ಬೇಸಿಗೆಯಲ್ಲೂ ಸಿಹಿನೀರು ಹರಿದುಬಂದು ಅಳಿವೆಯ ಲವಣಾಂಶ ಕುಸಿಯಿತು, ಬಳಚು ಎಂಬ ಚಿಪ್ಪುಜೀವಿ ಅಲ್ಲಿ ಬಹುಪಾಲು ಕಣ್ಮರೆಯಾಯಿತು. ಅಘನಾಶಿನಿಯಲ್ಲಿ ಇದಕ್ಕೆ ವಿರುದ್ಧವಾಗಿ ಸಿಹಿನೀರು ಕಡಿಮೆಯಾಗುವ ಆತಂಕವಿದೆ. ಆದರೆ ಲವಣಾಂಶದ ಒಂದು ಮಿತಿಯೊಳಗೆ ಮಾತ್ರ ಬಾಳುವ ಚಿಪ್ಪುಜೀವಿಗಳಿಗೆ ಎರಡೂ ಅಪಾಯವೇ.

ಕೆಸರನ್ನು ಅಳೆಯುವುದು ದುಬಾರಿ ಕೆಲಸವೂ ಅಲ್ಲ. ಅಮೆರಿಕದ ಲೂಯಿಸಿಯಾನಾ ಕರಾವಳಿಯಲ್ಲಿ ವಿಜ್ಞಾನಿಗಳು ಜೌಗು ನೆಲದ ಮೇಲೆ ಫೆಲ್ಡ್‌ಸ್ಪಾರ್ ಎಂಬ ಬಿಳಿ ಖನಿಜದ ಪುಡಿ ಹರಡಿ, ತಿಂಗಳುಗಳ ನಂತರ ಮಣ್ಣಿನ ತುಂಡನ್ನು ಕೊರೆದು ತೆಗೆದು, ಬಿಳಿ ಪದರದ ಮೇಲೆ ಎಷ್ಟು ಮಿಲಿಮೀಟರ್ ಹೂಳು ಕೂತಿದೆ ಎಂದು ನೋಡುತ್ತಾರೆ. ಮಿಸಿಸಿಪ್ಪಿಯ ದಂಡೆಗಳಿಗೆ ಏರಿ ಕಟ್ಟಿ ಪ್ರವಾಹದ ಮಣ್ಣನ್ನು ಜೌಗುಗಳಿಂದ ದೂರವಿಟ್ಟದ್ದೂ ಒಂದು ಮುಖ್ಯ ಕಾರಣವಾಗಿ, 1932ರಿಂದ 2016ರ ನಡುವೆ ಆ ರಾಜ್ಯ ಸುಮಾರು 4,800 ಚದರ ಕಿಲೋಮೀಟರ್ ಕರಾವಳಿ ನೆಲವನ್ನು ಕಳೆದುಕೊಂಡಿದೆ. ಅಲ್ಲಿ ಅಳತೆ ವ್ಯಾಪಕವಾದದ್ದು ನಷ್ಟವಾದ ಮೇಲೆ. ನಮಗೆ ಮೊದಲೇ ಅಳೆಯುವ ಅವಕಾಶ ಇನ್ನೂ ಇದೆ.

ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಯನ್ನು 2024ರಲ್ಲಿ ಸೇರಿದ ಅಘನಾಶಿನಿ ಅಳಿವೆಯ ಪರಿಸರ ಸ್ವರೂಪವನ್ನು ಕಾಪಾಡುವುದಾಗಿ ದೇಶವೇ ಮಾತು ಕೊಟ್ಟಿದೆ. ಆದ್ದರಿಂದ ಯಾವುದೇ ತಿರುವು ಯೋಜನೆಗೆ ಒಪ್ಪಿಗೆ ನೀಡುವ ಮೊದಲು, ಕನಿಷ್ಠ ಕೆಲವು ಮಳೆಗಾಲ ಮತ್ತು ಬೇಸಿಗೆಗಳಲ್ಲಿ ಇಲ್ಲಿನ ಲವಣಾಂಶ, ನೀರಿನಲ್ಲಿ ತೇಲುವ ಮಣ್ಣು ಹಾಗೂ ಜೌಗು ನೆಲದ ಎತ್ತರವನ್ನು ದಾಖಲಿಸಬೇಕು. ಆ ಕೆಲಸದಲ್ಲಿ ಗಜನಿ ರೈತರನ್ನೂ ಬಳಚು ಹೆಕ್ಕುವ ಮಹಿಳೆಯರನ್ನೂ ಸೇರಿಸಿಕೊಂಡು, ಅಂಕಿಅಂಶಗಳನ್ನು ದಂಡೆಯ ಗ್ರಾಮ ಪಂಚಾಯಿತಿಗಳಲ್ಲಿ ಕನ್ನಡದಲ್ಲೇ ಪ್ರಕಟಿಸಬೇಕೆಂದು ಸರ್ಕಾರವನ್ನು ಒತ್ತಾಯಿಸುತ್ತೇನೆ.

– ಓದುಗ, ಕುಮಟಾ