ಉಸಿರು ಕಾಣಬಾರದು

ನಮಸ್ಕಾರ,

ನಮ್ಮ ಪತ್ರಿಕೆಯ ಈ ಸಂಚಿಕೆ ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಗೌರಿ-ಗಣೇಶ ಹಬ್ಬದ ಬಗ್ಗೆ ಬರೆಯೋಣ ಅಂತಲೇ ಕೂತೆ. ಆದರೆ ಮಗಳು ಕೇಳಿದ ಒಂದು ಮಾತು ಮನಸ್ಸಿನಿಂದ ಹೋಗುತ್ತಿಲ್ಲ.

ರಜೆಯಲ್ಲಿ ನ್ಯೂಯಾರ್ಕ್‌ನ ಲಿಂಕನ್ ಸೆಂಟರ್‌ಗೆ ಹೋಗಿ ‘ಸ್ವಾನ್ ಲೇಕ್’ ಬ್ಯಾಲೆ ನೋಡಿ ಬಂದೆವು. ಬಿಳಿ ಹಂಸ ಒಡೆಟ್, ಅವಳ ಹಾಗೇ ಕಾಣಿಸಿ ರಾಜಕುಮಾರನಿಗೆ ಮೋಸ ಮಾಡುವ ಕಪ್ಪು ಉಡುಪಿನ ಒಡೀಲ್. ಎರಡೂ ಪಾತ್ರ ಒಬ್ಬಳೇ ಮಾಡಬೇಕು. ಮೂರನೇ ಅಂಕದಲ್ಲಿ ಒಡೀಲ್ ಒಂದೇ ಕಾಲಿನ ಮೇಲೆ 32 ಸುತ್ತು ತಿರುಗುತ್ತಾಳೆ. ಅದಕ್ಕೆ ಫ್ವೆಟೆ ಅಂತಾರೆ. ಒಂದು ಕಾಲು ಚಾಟಿಯ ಹಾಗೆ ಬೀಸುತ್ತಿರುತ್ತದೆ. ನಿಂತ ಕಾಲಿನ ಹಿಮ್ಮಡಿ ಪ್ರತಿ ಸುತ್ತಿಗೂ ಇಳಿದು ಮತ್ತೆ ಬೆರಳ ತುದಿಗೆ ಏರಬೇಕು. 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪಿಯೆರಿನಾ ಲೆನ್ಯಾನಿ ಎಂಬ ಇಟಲಿಯ ನರ್ತಕಿ ಈ ಪಾತ್ರದಲ್ಲಿ 32 ಸುತ್ತು ಹಾಕಿದಳು. ಆಮೇಲೆ ಬಂದವರನ್ನೆಲ್ಲ ಜನ ಅದೇ ಲೆಕ್ಕದಲ್ಲಿ ನೋಡುತ್ತಾರೆ. ನಾವೂ ಎಣಿಸಿದೆವು.

ವಾಪಸ್ ಬರುವಾಗ ಟ್ರೈನಿನಲ್ಲಿ ಮಗಳು ಕೇಳಿದಳು, “ಅಮ್ಮಾ, ಕೊನೇಲಿ ಅವಳು ನಿಜವಾಗ್ಲೂ ಅಳ್ತಿದ್ಲಾ, ಇಲ್ಲಾ ಸುಸ್ತಾಗಿತ್ತಾ?”

ನನಗೆ ಗೊತ್ತಾಗಲಿಲ್ಲ. ನಮ್ಮ ಬೀದಿಯಲ್ಲೇ ಇರುವ ಒಬ್ಬ ಹಿರಿಯರು ಹಿಂದೆ ಈ ಪಾತ್ರ ಮಾಡಿದವರು. ಅವರನ್ನೇ ಕೇಳಿದೆವು. ಟೀ ಲೋಟ ಪಕ್ಕಕ್ಕಿಟ್ಟು ತುಂಬಾ ಹೊತ್ತು ಮಾತಾಡಿದರು. 32 ಸುತ್ತು ಕಷ್ಟವೇ, ಆದರೆ ಅಲ್ಲಿ ಸಂಗೀತ ಎತ್ತಿ ಹಿಡಿಯುತ್ತದೆ, ಜನರ ಚಪ್ಪಾಳೆ ಇರುತ್ತದೆ. ನಿಜವಾದ ಕಷ್ಟ ಅದರ ನಂತರ. ಕಪ್ಪು ಬಿಚ್ಚಿ ಮತ್ತೆ ಬಿಳಿ ಹಾಕಬೇಕು. ಹೊಸ ಶೂ ಹಾಕಿ ರಿಬ್ಬನ್ ಕಟ್ಟುವಾಗ ಬೆರಳು ನಡುಗುತ್ತದೆ. ಮೀನಖಂಡ ಕಲ್ಲಾಗಿರುತ್ತದೆ. ಆ ಕಾಲಿನಲ್ಲೇ ಹೋಗಿ, ಮನಸ್ಸು ಮುರಿದ ಹುಡುಗಿಯ ಹಾಗೆ ನಿಧಾನವಾಗಿ ತೋಳು ಬಿಡಿಸಬೇಕು. ಎದೆ ಏರಿಳಿಯುವುದು ಯಾರಿಗೂ ಕಾಣಬಾರದು. “ಒಡೆಟ್ ಜನರಿಗೆ ಬೆನ್ನು ಮಾಡುವ ಒಂದೆರಡು ಜಾಗ ಇದೆ. ಅಲ್ಲಿ ಬಾಯಿ ತೆರೆದು ಉಸಿರು ಎಳೆದುಕೊಳ್ಳುತ್ತಿದ್ದೆ. ಇಡೀ ಸಂಜೆ ಆ ಜಾಗಕ್ಕೇ ಕಾಯುತ್ತಿದ್ದೆ” ಅಂದರು.

ನನಗೆ ತಟ್ಟನೆ ಊರಿನ ಯಕ್ಷಗಾನ ಬಯಲಾಟ ನೆನಪಾಯಿತು. ನಮ್ಮದು ಪುತ್ತೂರಿನ ಕಡೆ. ಗದ್ದೆಯಲ್ಲಿ ಚಾಪೆ ಹಾಸಿ ಕೂತು ಅಭಿಮನ್ಯುವನ್ನು ನೋಡುತ್ತಿದ್ದೆವು. ಪುಂಡುವೇಷದವರು, ಅಂದರೆ ಅಭಿಮನ್ಯುವಿನಂಥ ಎಳೆಯ ವೀರರ ಪಾತ್ರದವರು, ಗಾಳಿಯಲ್ಲಿ ಸುತ್ತುತ್ತಾ ದಿಗಿಣ ಹಾರುತ್ತಿದ್ದರೆ ಮಕ್ಕಳೆಲ್ಲ ಜೋರಾಗಿ ಎಣಿಸುವುದು. ಚೆಂಡೆ ನಿಂತ ಕೂಡಲೇ ಅವರು ಹಿಂದೆ ಕೂತು ಹಾಡುವ ಭಾಗವತರ ಕಡೆ ತಿರುಗಿ ನಿಲ್ಲುತ್ತಿದ್ದರು. ಭಾಗವತರಿಗೆ ಏನೋ ಹೇಳುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ. ಮತ್ತೆ ನಮ್ಮ ಕಡೆ ತಿರುಗಿದರೆ ಒಂದು ಚೂರೂ ಏದುಸಿರಿಲ್ಲದೆ ಪದ್ಯದ ಅರ್ಥ ಹೇಳುತ್ತಿದ್ದರು. ಒಮ್ಮೆ ಅಪ್ಪನ ಜೊತೆ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗಿದ್ದೆ. ಅಭಿಮನ್ಯು ನೆಲದ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿ ಕೂತಿದ್ದರು. ಯಾರೋ ಅವರ ಗೆಜ್ಜೆ ಬಿಚ್ಚುತ್ತಿದ್ದರು. ಆ ಬೆನ್ನು ತಿರುಗಿಸಿ ನಿಂತ ಹೊತ್ತು ಏನಕ್ಕೆ ಅಂತ ಇಷ್ಟು ವರ್ಷಗಳ ಮೇಲೆ, ಈ ದೂರದ ಊರಿನಲ್ಲಿ, ಹೀಗೆ ಗೊತ್ತಾಗಬೇಕಿತ್ತಾ!

ಪುಟ ಮುಗಿಯುತ್ತಾ ಬಂತು, ಸೂಚನೆಗಳು ಬಾಕಿ ಇವೆ. ಗಣೇಶೋತ್ಸವ ಹಬ್ಬದ ನಂತರದ ಶನಿವಾರ, ಪೂಜೆ 10ಕ್ಕೆ, ಊಟ 12:30ಕ್ಕೆ, ಎಷ್ಟು ಜನ ಬರುತ್ತೀರಿ ಅಂತ ದಯವಿಟ್ಟು ಬೇಗ ತಿಳಿಸಿ. ಮಕ್ಕಳ ನೃತ್ಯದ ಪ್ರಾಕ್ಟೀಸ್ ಭಾನುವಾರ 3ಕ್ಕೆ. ಕನ್ನಡ ಕಲಿ ತರಗತಿ ಮತ್ತೆ ಶುರು. ಹಾಲ್‌ನ ವೇದಿಕೆ ಕಾಂಕ್ರೀಟ್, ಮಕ್ಕಳ ಮಂಡಿಗೆ ಒಳ್ಳೆಯದಲ್ಲ ಅಂತ ಆ ಹಿರಿಯರು ಹೇಳಿದ್ದಾರೆ. ಹಿಂದಿನ ರಾತ್ರಿ ಪ್ಲೈವುಡ್, ಮ್ಯಾಟ್ ಹಾಸಲು ನಾಲ್ಕು ಜನ ಬೇಕು. ಪ್ರೂಫ್ ನೋಡುತ್ತಿದ್ದ ದಂಪತಿ ಬೆಂಗಳೂರಿಗೆ ವಾಪಸ್ ಹೊರಟಿದ್ದಾರೆ. ಅವರ ಜಾಗಕ್ಕೆ ಯಾರಾದರೂ ಬನ್ನಿ, ಒಬ್ಬರಾದರೂ ಸಾಕು. ನನ್ನೊಬ್ಬಳಿಂದ ಇನ್ನು ಆಗುತ್ತಿಲ್ಲ.

ಆ ಹಿರಿಯರು ಹಬ್ಬಕ್ಕೆ ಬರುತ್ತಾರೆ. ಅವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಇಟ್ಟಿದ್ದೇವೆ. ಮಗಳಿಗೆ ಮಾತ್ರ ಮುಂದಿನ ಸಾಲು ಬೇಡವಂತೆ. ಸೈಡಿನ ಪರದೆ ಹತ್ತಿರ ಕೂರುತ್ತಾಳಂತೆ, ಕುಣಿಯುವವರು ಎಲ್ಲಿ ಉಸಿರು ತಗೊಳ್ತಾರೆ ಅಂತ ನೋಡೋದಕ್ಕೆ.