ಗೆಳೆಯನಿಗೊಂದು ಪತ್ರ: ಕಾಕಾ ನೋವು ನುಂಗಬಾರದು

ಕೊಪ್ಪಳ

ಗೆಳೆಯಾ,

ನಿನ್ನೆ ಫೋನಿನಲ್ಲಿ ‘ಅಪ್ಪಂದು ಕ್ಯಾನ್ಸರ್ ಎಲುಬಿಗೂ ಹಬ್ಬೈತಂತ’ ಅಂದು ಸುಮ್ಮನಾಗಿಬಿಟ್ಟೆ. ನನಗೂ ಮಾತು ಹೊರಡಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವ್ವನ ಎದೆಯ ಕ್ಯಾನ್ಸರ್ ಬೆನ್ನೆಲುಬಿಗೆ ಬಂದಿದೆ ಅಂತ ಗೊತ್ತಾಗಿ ಬರುವ ಗವಿಮಠದ ಜಾತ್ರೆಗೆ ಮೂರು ವರ್ಷ. ಅದಕ್ಕೂ ಮೊದಲು ಐದು ತಿಂಗಳು ಸೊಂಟನೋವು ಅಂತಲೇ ಇಂಜೆಕ್ಷನ್ ಹಾಕಿಸಿದೆವು, ಎಣ್ಣೆ ತಿಕ್ಕಿದೆವು. ಹಿಂದೆ ಎದೆಯ ಆಪರೇಷನ್ ಆಗಿತ್ತು ಅನ್ನೋದನ್ನು ಡಾಕ್ಟರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ ನಡುವೆ ನಿಲ್ಲುತ್ತಿತ್ತು. ಇಣುಕಿದರೆ, ಎಡಗೈ ನೆಲಕ್ಕೂರಿ ಉಸಿರು ಬಿಗಿಹಿಡಿದು ಕೂತಿರುತ್ತಿದ್ದಳು. ಆಮೇಲೆ ಮತ್ತೆ ಎರಡು ಪೆಟ್ಟು. ಆ ಸಪ್ಪಳ ನನಗೆ ಅರ್ಥ ಆಗಲೇ ಇಲ್ಲವಲ್ಲ ಅಂತ ಇವತ್ತಿಗೂ ಸಂಕಟ ಆಗುತ್ತದೆ.

ಕಾಕಾನದು, ಅಂದರೆ ನಿಮ್ಮಪ್ಪನದು, ಎಲುಬಿನ ಕ್ಯಾನ್ಸರ್ ಅಲ್ಲ. ಪ್ರಾಸ್ಟೇಟ್ ಅನ್ನೋ ಗಂಡಸರ ಗ್ರಂಥಿಯದೇ ಎಲುಬಿಗೆ ಬಂದು ಕೂತಿದೆ. ಹಾಗಾಗಿ ಔಷಧಿಯೂ ಅದಕ್ಕೇ, ಗಂಡು ಹಾರ್ಮೋನ್ ತಗ್ಗಿಸುವ ಇಂಜೆಕ್ಷನ್ ಕೊಡಬಹುದು. ಪೂರ್ತಿ ವಾಸಿಯಾಗೋದು ಕಷ್ಟ ಅಂತ ನಮಗೂ ನೇರವಾಗಿಯೇ ಹೇಳಿದ್ದರು. ಆದರೆ ಹತೋಟಿಯಲ್ಲಿ ಇಡಬಹುದು, ಓಡಾಡಿಕೊಂಡು ಇರಬಹುದು. ಅವ್ವ ಇದ್ದಾಳಲ್ಲ.

ಮೊದಲು ನೋವು ಇಳಿಸಲು ಕೇಳು. ಅವ್ವನಿಗೆ ಒಂದೇ ಸಲ ಕರೆಂಟ್ ಕೊಟ್ಟರು, ಅಂದರೆ ರೇಡಿಯೇಷನ್, 8 ಗ್ರೇ ಅನ್ನೋ ಅಳತೆಯದು. ಎರಡು ದಿನ ನೋವು ಜಾಸ್ತಿಯೇ ಆಯಿತು, ಹೆದರಿಬಿಟ್ಟೆವು. ಹಾಗೆ ಆಗಬಹುದಂತೆ. ಮೂರನೇ ವಾರಕ್ಕೆ ಅವಳೇ ಎದ್ದು ಚಹಾ ಕಾಸಿದಳು. ಮಾರ್ಫಿನ್ ಮಾತ್ರೆ ಅಂದಾಗ ಅಣ್ಣ ‘ಅದು ಕೊನೆಗಾಲಕ್ಕೆ ಕೊಡೋದು, ಚಟ ಹತ್ತುತ್ತೆ’ ಅಂತ ಬೇಡ ಅಂದಿದ್ದ. ಅದರಿಂದ ಅವ್ವ ಸುಮ್ನೆ ಹದಿನೈದು ದಿನ ನರಳಿದಳು. ಡಾಕ್ಟರು ಹೇಳಿದ ಹಾಗೆ ತಗೊಂಡರೆ ಹೆದರಬೇಕಿಲ್ಲ. ನಾಲ್ಕು ತಾಸಿಗೊಮ್ಮೆ ಅಂದರೆ ನಾಲ್ಕು ತಾಸಿಗೆ ಕೊಡು, ನೋವು ಬರಲಿ ಅಂತ ಕಾಯಬೇಡ. ಮಲಬದ್ಧತೆ ಆಗುತ್ತದೆ, ಅದರ ಔಷಧಿಯೂ ಜೊತೆಗೇ ಬೇಕು.

ಎಲುಬು ಗಟ್ಟಿ ಇರಲು ಝೋಲೆಡ್ರಾನಿಕ್ ಆಸಿಡ್ ಅಂತ ಸಲೈನ್ ಹಾಗೆ ಏರಿಸುತ್ತಾರೆ. ಅವ್ವನಿಗೆ ಈಗ 12 ವಾರಕ್ಕೊಮ್ಮೆ. ಅದನ್ನು ಶುರು ಮಾಡುವ ಮುಂಚೆ ಕಾಕಾನ ಹಲ್ಲು ತೋರಿಸು. ಎರಡು ಅಲ್ಲಾಡುತ್ತಿವೆ ಅಂದಿದ್ದೆ ಅಲ್ವಾ? ಕೀಳಬೇಕಿದ್ದರೆ ಮೊದಲೇ ಕೀಳಿಸಿ, ಗಾಯ ಮಾಯಲಿ. ಆಮೇಲೆ ಕಿತ್ತರೆ ಕೆಲವರಿಗೆ ದವಡೆಯ ಎಲುಬೇ ಕೆಡುತ್ತದೆ. ಕಿಡ್ನಿ ಸರಿಯಿದೆಯಾ ಅಂತ ನೋಡಲು ಕ್ರಿಯಾಟಿನಿನ್ ಅನ್ನೋ ರಕ್ತ ಪರೀಕ್ಷೆಯನ್ನೂ ಮಾಡುತ್ತಾರೆ.

ಒಂದು ಮಾತ್ರ ಮರೀಬೇಡ. ಕಾಲು ಸೋತರೆ, ಜೋಮು ಹಿಡಿದರೆ, ಉಚ್ಚೆ ಕಟ್ಟಿದರೆ ಅಥವಾ ಗೊತ್ತಿಲ್ಲದೇ ಹೋದರೆ, ಬೆಳಗಾಗಲಿ ಅನ್ನಬೇಡ. ಬೆನ್ನುಹುರಿ ಒತ್ತುತ್ತಿರಬಹುದು. ಅವತ್ತೇ, ಆ ಗಳಿಗೆಯೇ ಆಸ್ಪತ್ರೆಗೆ ಹೊರಡು.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗೋಣ ಅಂದಿದ್ದೀಯಲ್ಲ, ಬಸ್ಸಿನ ಕುಲುಕಾಟ ಬೇಡ. ಹಂಪಿ ಎಕ್ಸ್‌ಪ್ರೆಸ್ಸಿಗೆ ಲೋಯರ್ ಬರ್ತ್ ನೋಡು. ನಾನು ಕೊಪ್ಪಳದಲ್ಲಿ ಹತ್ತಿರುತ್ತೇನೆ, ನೀವು ಬಳ್ಳಾರಿಯಲ್ಲಿ ಹತ್ತಿ. ಎರಡು ದಿಂಬು ನಾನೇ ತರುತ್ತೇನೆ, ಒಂದು ಸೊಂಟಕ್ಕೆ, ಒಂದು ಮೊಣಕಾಲ ಕೆಳಗೆ. ಹಳೆಯ ಸ್ಕ್ಯಾನು, ರಿಪೋರ್ಟು, ರೇಷನ್ ಕಾರ್ಡು ಒಂದೇ ಚೀಲದಲ್ಲಿ ಇಟ್ಟುಕೋ. ರೊಟ್ಟಿ ಕಟ್ಟಿಕೊಡುತ್ತೇನೆ ಅಂತ ಅವ್ವ ಈಗಲೇ ಹೇಳಿದ್ದಾಳೆ. ಟಿಕೆಟ್ ಆದ ಕೂಡಲೇ ತಿಳಿಸು.

ನಿನ್ನ ಗೆಳೆಯ