ಕುಡಿತ ಬಿಟ್ಟವಳನ್ನು ಬಿಡುತ್ತಿರುವವಳ ಪಕ್ಕ ಕೂರಿಸಿ

ಕೋಲಾರ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ.

ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ಕುಡಿತ ಬಿಡಿಸುವ ಮಾತು ಬಂದರೆ ಎಲ್ಲರೂ ಗಂಡಸರನ್ನೇ ನೆನೆಯುತ್ತಾರೆ. ಹೆಂಗಸರಲ್ಲೂ ಇದ್ದಾರೆ ಸ್ವಾಮಿ. ದಿನವೆಲ್ಲ ಟೊಮೆಟೊ ಕಿತ್ತು ಬಂದ ಮೇಲೆ ಮೈಕೈ ನೋವಿಗೆ ಅಂತ ಒಂದು ಪ್ಯಾಕೆಟ್. ಹಸಿವು ತಡೆಯಲು ಹೊಗೆಸೊಪ್ಪಿನ ಕಡ್ಡಿಪುಡಿ. ಬಾಣಂತಿಗೆ ಮೈ ಬೆಚ್ಚಗಿರಲಿ ಅಂತ ಬ್ರಾಂದಿ ಕೊಡುವ ಅತ್ತೆಯರೂ ಇದ್ದಾರೆ. ಅದೇ ಸೊಸೆ ಆಮೇಲೆ ತಾನಾಗಿ ಬಾಟಲಿ ಮುಟ್ಟಿದರೆ ಬೀದಿಗೆಲ್ಲ ಸುದ್ದಿ!

ಹಾಗಾಗಿ ಬಸುರಿ ಬಾಯಿ ಬಿಡುವುದಿಲ್ಲ. ತಾಯಿ ಕಾರ್ಡ್‌ನಲ್ಲಿ ರಕ್ತ, ತೂಕ, ಬಿಪಿ ಎಲ್ಲ ಬರೆಯುತ್ತಾರೆ. ಕುಡಿತದ ವಿಷಯ ಗೊತ್ತಾದರೆ ಬೈಗುಳ. ಮುಂದಿನ ಸಲ ಅವಳು ಚೆಕಪ್‌ಗೇ ಬರುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಮಾತಾಡುತ್ತಾರೆ, ಒಳ್ಳೆಯದೇ. ಆದರೆ ಎಷ್ಟೋ ಮನೆಗಳಲ್ಲಿ ಇರುವ ಒಂದೇ ಫೋನ್ ಗಂಡನ ಜೇಬಿನಲ್ಲಿರುತ್ತದೆ, ಅಲ್ವಾ?

ಬಸುರಿನಲ್ಲಿ ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವ ಅಳತೆಯೇ ಇಲ್ಲ. ಮಗುವಿನ ಮೆದುಳಿಗೇ ಪೆಟ್ಟು ಬೀಳಬಹುದು. ಹೊಗೆಸೊಪ್ಪಿನಿಂದ ಮಗುವಿನ ತೂಕ ಕಮ್ಮಿಯಾಗುತ್ತದೆ. ಇದನ್ನು ಎಲ್ಲರೂ ಹೇಳುತ್ತಾರೆ. ಇನ್ನೊಂದು ಮಾತು ಹೇಳುವವರು ಕಡಿಮೆ. ದಿನಾ ಜಾಸ್ತಿ ಕುಡಿಯುತ್ತಿದ್ದವಳು ಬೈಗುಳಕ್ಕೆ ಹೆದರಿ ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ತಾಯಿ, ಮಗು ಇಬ್ಬರಿಗೂ ಅಪಾಯ. ಡಾಕ್ಟರ್ ನೋಡಿಕೊಳ್ಳುತ್ತಿರುವಾಗಲೇ ಬಿಡಬೇಕು. ಅವಳನ್ನು ಅಲ್ಲಿಯವರೆಗೆ ಕರೆದೊಯ್ಯಲು ಪೋಸ್ಟರ್ ಸಾಲದು. "ನಂಗೂ ಹಿಂಗೇ ಕೈ ನಡುಗ್ತಿತ್ತು ಕಣೆ, ಬಾ, ಆಸ್ಪತ್ರೆಗೆ ನಾನೂ ಬರ್ತೀನಿ" ಅನ್ನುವ ಒಬ್ಬಳು ಬೇಕು. ಅಂಥವರು ನಮ್ಮ ಹಳ್ಳಿಗಳಲ್ಲೇ ಇದ್ದಾರೆ. ಕುಡಿತ ಬಿಟ್ಟು, ಮಕ್ಕಳನ್ನು ಸ್ಕೂಲಿಗೆ ಕಳಿಸಿಕೊಂಡು ಸುಮ್ನೆ ಬದುಕುತ್ತಿದ್ದಾರೆ.

ಅವರನ್ನು ಗುರುತಿಸಿ, ತರಬೇತಿ ಕೊಡಿ. ಕೂರಲು ಜಾಗ ಹುಡುಕಬೇಕಿಲ್ಲ. 2017ರಲ್ಲಿ ಮಾತೃಪೂರ್ಣ ಯೋಜನೆ ಬಂದಾಗಿನಿಂದ ಬಸುರಿ, ಬಾಣಂತಿಯರ ಮಧ್ಯಾಹ್ನದ ಊಟ ಅಂಗನವಾಡಿಯಲ್ಲೇ ಇದೆ. "ಊಟಕ್ಕೆ ಹೋಗಿ ಬರ್ತೀನಿ" ಅಂದರೆ ಮನೆಯಲ್ಲಿ ಯಾರೂ ಅನುಮಾನ ಪಡುವುದಿಲ್ಲ. ಊಟ ಮುಗಿದ ಮೇಲೆ ಅರ್ಧ ಗಂಟೆ ಕುಡಿತ ಬಿಟ್ಟವಳೂ ಬಿಡಬೇಕಾದವಳೂ ಕೂತು ಮಾತಾಡಲಿ. ಅಲ್ಲಿ ಆಡಿದ ಮಾತು ರಿಜಿಸ್ಟರ್‌ಗೆ ಬರಬಾರದು.

ಈ ಕೆಲಸವನ್ನು ದಯವಿಟ್ಟು 'ಸೇವೆ' ಅಂತ ಬಿಟ್ಟಿ ಮಾಡಿಸಬೇಡಿ. ಮಾತಾಡಲು ಬಂದ ದಿನ ಆ ಕುಡಿತ ಬಿಟ್ಟವಳ ಕೂಲಿ ಹೋಗುತ್ತದೆ. ಆಶಾ ಕಾರ್ಯಕರ್ತೆಯರಿಗೆ ಕೊಡುವಂತೆ ಇವಳಿಗೂ ಪ್ರೋತ್ಸಾಹಧನ ಕೊಡಿ. ಅವಳೇನು ಡಾಕ್ಟರ್ ಅಲ್ಲ, ಮಾತ್ರೆ ಹೇಳಬಾರದು. ಅವಳಿಗೂ ಮತ್ತೆ ಕುಡಿಯಬೇಕು ಅನ್ನಿಸುವ ದಿನ ಬರುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ತಂಡದವರು ಅವಳನ್ನೂ ವಿಚಾರಿಸಿಕೊಳ್ಳುತ್ತಿರಬೇಕು.

ಅಡ್ಮಿಟ್ ಆಗಬೇಕಾದರೆ "ಕೂಸನ್ನು ಯಾರ ಹತ್ತಿರ ಬಿಡಲಿ?" ಅಂತ ತಾಯಂದಿರು ಹಿಂದೇಟು ಹಾಕುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕುಡಿತದ ಕಾಯಿಲೆಗೂ ಅನ್ವಯಿಸುತ್ತದೆ. ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡಬಾರದು ಅಂತ ಅದರಲ್ಲೇ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಒಟ್ಟಿಗಿರುವ ವಾರ್ಡ್ ಇದೆ. ನಮ್ಮ ಜಿಲ್ಲೆಯಲ್ಲಿ ಇದಕ್ಕೆಂದೇ ಎರಡು ಹಾಸಿಗೆ ಮೀಸಲಿಟ್ಟರೂ ಸಾಕು.

ಜಿಲ್ಲೆಯ ಇಲಾಖೆಗಳ ಕೆಲಸ ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಈ ವಿಷಯ ಎತ್ತಿ. ಆರೋಗ್ಯ ಇಲಾಖೆಯನ್ನೂ ಮಹಿಳಾ ಮತ್ತು ಮಕ್ಕಳ ಇಲಾಖೆಯನ್ನೂ ಒಟ್ಟಿಗೆ ಕೂರಿಸಿ ಕೇಳಿ. ಇಲ್ಲದಿದ್ದರೆ 'ಅದು ಅವರಿಗೆ ಬರುತ್ತೆ' ಅಂತ ಒಬ್ಬರ ಮೇಲೊಬ್ಬರು ಹಾಕುತ್ತಾರೆ. ಶ್ರೀನಿವಾಸಪುರ, ಮುಳಬಾಗಿಲು ತಾಲ್ಲೂಕುಗಳಲ್ಲಿ ಮೊದಲು ಶುರುವಾಗಲಿ.

ಇಂತಿ,
ಒಬ್ಬ ಅಂಗನವಾಡಿ ಕಾರ್ಯಕರ್ತೆ